ಟೈಲರಕ್ಕನ ನಾದಿನಿಯ ಕೂದಲು

ಜನವರಿ 9, ಗುರುವಾರ

ಚರ್ಮದ ಡಾಕ್ಟರು ಪುಟ್ಟ ದೀಪ ಹಿಡಿದು ನನ್ನ ನೆತ್ತಿ ನೋಡಿದರು. ಬಾವಿಗೆ ಬಿದ್ದ ಬಿಂದಿಗೆ ಹುಡುಕುವವರ ಹಾಗೆ ಬಹಳ ಹೊತ್ತು ಬಗ್ಗಿ ನೋಡಿದರು.

"ಏನು ಕೆಲಸ ಮಾಡ್ತೀರಿ?"

"ಕ್ರೀಮ್ ಹಚ್ಚಿ, ಬಿಸಿ ಇಕ್ಕಳ ಎಳೆದು ಗುಂಗುರು ಕೂದಲು ನೇರ ಮಾಡೋ ಪಾರ್ಲರ್ ಇದೆ. ಇಪ್ಪತ್ತಾರು ವರ್ಷದಿಂದ."

"ನಿಮ್ಮ ಕೂದಲಿಗೂ ಅದೇ ಕ್ರೀಮ್ ಹಚ್ಕೋತೀರಾ?"

"ಮೊದಲು ನನಗೇ. ಅಡುಗೆ ಮಾಡಿದವಳು ತಾನೇ ರುಚಿ ನೋಡದೆ ಬಡಿಸ್ತಾಳಾ?"

ಅವರು ನಗಲಿಲ್ಲ. ನಗದ ಡಾಕ್ಟರನ್ನು ಕಂಡರೆ ನನಗೆ ಭಯ. ನೆತ್ತಿಯ ಮೇಲೆ ಸೀಸೆಯ ಮುಚ್ಚಳದಷ್ಟು ಅಗಲ ಬೋಳಾಗಿದೆಯಂತೆ. ನನಗೆ ಗೊತ್ತಿರಲಿಲ್ಲ ಅಂತಲ್ಲ. ಎಂಟು ತಿಂಗಳಿಂದ ಪಕ್ಕದ ಕೂದಲು ಎಳೆದು ಮುಚ್ಚಿಕೊಂಡೇ ಓಡಾಡುತ್ತಿದ್ದೆ. ಬೇರುಗಳು ಸತ್ತಿಲ್ಲ, ಸುಸ್ತಾಗಿವೆ ಅಂದರು. ಒಂದು ವರ್ಷ ಕ್ರೀಮ್ ಇಲ್ಲ, ಬಿಸಿ ಇಲ್ಲ, ಬಿಗಿಯಾಗಿ ಎಳೆದು ಕಟ್ಟುವಂತಿಲ್ಲ. ಹೀಗೇ ಮುಂದುವರಿಸಿದರೆ ಆ ಜಾಗ ಶಾಶ್ವತವಾಗಿ ಬೋಳು. ಏನು ಹಚ್ಚಿದೆ, ಎಷ್ಟು ಉದುರಿತು, ಎಷ್ಟು ಬೆಳೆಯಿತು ಎಂದು ಬರೆದಿಡಿ ಅಂದದ್ದಕ್ಕೆ ಈ ಪುಸ್ತಕ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿದ್ದರು. "ಹಾಗಾದ್ರೆ ನಿನ್ನ ನಿಜವಾದ ಕೂದಲು ನೋಡಬಹುದು ಅನ್ನು," ಅಂದರು. "ಮದುವೆಯಾದ ವರ್ಷ ನೋಡಿದ್ದು."

ಜನವರಿ 11, ಶನಿವಾರ

ತಲೆಗೆ ನೀಲಿ ಬಟ್ಟೆ ಸುತ್ತಿಕೊಂಡು ಅಂಗಡಿ ತೆರೆದೆ. ಆರು ಗಿರಾಕಿಗಳು. ಆರೂ ಜನ ಕೇಳಿದರು. ಇಬ್ಬರಿಗೆ ಶೀತ ಅಂದೆ, ಇಬ್ಬರಿಗೆ ಹೊಸ ಫ್ಯಾಷನ್ ಅಂದೆ, ಉಳಿದಿಬ್ಬರ ಹೊತ್ತಿಗೆ ಬೇಸರವಾಗಿ ಮಾತು ತಿರುಗಿಸಿದೆ. ಬೋಳುತಲೆಯವನಿಗೂ ಬಾಚಣಿಗೆ ಮಾರುವವಳು ಅಂತ ಈ ಬೀದಿಯಲ್ಲಿ ನನಗೆ ಹೆಸರು. ಇವತ್ತು ಆ ಬೋಳುತಲೆ ನನ್ನದೇ ಆಗಿ ಕೂತಿದೆ.

ಬೇರೆ ಕಸುಬಾಗಿದ್ದರೆ ಬಚ್ಚಿಡಬಹುದಿತ್ತು. ಚಪ್ಪಲಿ ಅಂಗಡಿಯವನು ಬರಿಗಾಲಲ್ಲಿದ್ದರೂ ಗಲ್ಲಾಪೆಟ್ಟಿಗೆಯ ಹಿಂದೆ ಕಾಣುವುದಿಲ್ಲ. ನನ್ನ ಬೋರ್ಡೇ ನನ್ನ ತಲೆ.

ಮಗಳ ವಿಷಯ ಇಲ್ಲಿ ಬರೆಯಬಾರದು ಅಂದುಕೊಂಡಿದ್ದೆ, ಡಾಕ್ಟರು ಕೇಳಿದ್ದು ಕೂದಲಿನ ವಿಷಯ. ಆದರೆ ಬಟ್ಟೆ ಕಟ್ಟಿಕೊಳ್ಳುವಾಗ ನೆನಪಾಯಿತು. ನಾಲ್ಕು ವರ್ಷ ನನ್ನ ಅಂಗಡಿಯಲ್ಲೇ ಕೆಲಸ ಮಾಡಿದವಳು. ಚಿಕ್ಕಂದಿನಿಂದ ನಾನೇ ನೇರ ಮಾಡಿದ ತಲೆ. ಒಂದು ದಿನ ಎಲ್ಲ ಕತ್ತರಿಸಿಕೊಂಡು, ಅರ್ಧ ಇಂಚು ಸುರುಳಿ ಮಾತ್ರ ಬಿಟ್ಟುಕೊಂಡು ಕೆಲಸಕ್ಕೆ ಬಂದಳು. ಗಿರಾಕಿಗಳ ಮುಂದೆ ನಾನಂದೆ: "ತಲೆಗೆ ಬಟ್ಟೆ ಕಟ್ಕೊಂಡು ಬಾ. ನೋಡಿದವರು ಹೆದರ್ತಾರೆ." ಅವಳು ಬಾಚಣಿಗೆ ಕೆಳಗಿಟ್ಟು ಹೋದಳು. ಈಗ ಎಂಟು ಸ್ಟಾಪ್ ಆಚೆ, ಬಸ್ ಡಿಪೋ ಹತ್ತಿರ, ಒಂದೇ ಕುರ್ಚಿಯ ಅಂಗಡಿ. ಬೋರ್ಡಿನ ಮೇಲೆ 'ಗುಂಗುರು ಕೂದಲಿಗೆ ಮಾತ್ರ'. ಆ 'ಮಾತ್ರ' ನನಗಾಗಿಯೇ ಬರೆಸಿದ್ದು.

ಮಾತು ಬಿಟ್ಟು ಹದಿನಾಲ್ಕು ತಿಂಗಳು. ತಪ್ಪು ಯಾರದು ಅಂತ ನಾನು ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಿದೆ, ಅವಳದು.

ಜನವರಿ 20, ಸೋಮವಾರ

ಇವತ್ತು ಅಂಗಡಿ ರಜೆ. ಎದುರಿಗೆ ಕನ್ನಡಿ ಇಟ್ಟುಕೊಂಡು ಕೂತೆ. ಬುಡದಲ್ಲಿ ಒಂದು ಇಂಚು ಗುಂಗುರು, ಅದರ ಕೆಳಗೆ ಕ್ರೀಮ್ ಕಂಡ ಹನ್ನೆರಡು ಇಂಚು ನೇರ. ಎರಡೂ ಸೇರುವಲ್ಲಿ ಪಟಪಟ ಮುರಿಯುತ್ತಿದೆ. ಏನು ಮಾಡಬೇಕೋ ತಿಳಿಯಲಿಲ್ಲ. ನಾಯಿ ಬಾಲ ನಳಿಗೆಯಲ್ಲಿಟ್ಟರೂ ಡೊಂಕು ಅಂತ ಗಿರಾಕಿಗಳ ತಲೆ ನೋಡಿ ನಗುತ್ತಾ ಇಪ್ಪತ್ತಾರು ವರ್ಷ ಕಳೆದವಳು ನಾನು. ಡೊಂಕನ್ನು ಸಾಕುವುದು ಹೇಗೆ ಅಂತ ನನಗೆ ಯಾರು ಹೇಳಿಕೊಟ್ಟಿದ್ದಾರೆ?

ಗೊತ್ತಿರುವವಳು ಒಬ್ಬಳಿದ್ದಾಳೆ. ಅವಳನ್ನು ಕೇಳುವುದಕ್ಕಿಂತ ಬೋಳಾಗುವುದು ಮೇಲು. ಯಜಮಾನರು ಪ್ರತಿ ಗುರುವಾರ ಅವಳ ಮನೆಗೆ ಹೋಗಿ ಬರುತ್ತಾರೆ. ಅವರನ್ನು ಕೇಳಿದರೆ "ನಿಮ್ಮಮ್ಮ ಕೇಳಿದಳು" ಅಂತ ಬಾಗಿಲಲ್ಲೇ ಒದರಿಬಿಡುತ್ತಾರೆ. ಸುಳ್ಳು ಹೇಳಲು ಬಾರದ ಗಂಡನಿಂದ ಸಂಸಾರಕ್ಕೆ ಎಷ್ಟು ತೊಂದರೆ ಅಂತ ಯಾರೂ ಬರೆದಿಲ್ಲ.

ಪಕ್ಕದ ಅಂಗಡಿಯ ಟೈಲರಕ್ಕನ ಬಳಿ ಹೋದೆ. ಅವಳ ಕೂದಲು ಅವಳ ನೂಲಿನಷ್ಟೇ ನೇರ, ನೂಲಿನಷ್ಟೇ ತೆಳು.

"ಡಿಪೋ ಹತ್ತಿರ ಹೋಗಿ ಬಾ. ನಿನ್ನ ನಾದಿನಿಗೆ ಗುಂಗುರು ಕೂದಲು, ಕ್ರೀಮ್ ಹಚ್ಚಿ ಹಾಳಾಗಿದೆ, ಉದ್ದ ದಪ್ಪ ಬೆಳೆಸಬೇಕು, ಏನು ಮಾಡಬೇಕು ಅಂತ ಕೇಳು."

"ನನಗೆ ನಾದಿನೀನೇ ಇಲ್ಲವಲ್ಲೇ."

"ಇವತ್ತಿಂದ ಇದ್ದಾಳೆ. ಬೇರೆ ಊರಲ್ಲಿ."

"ಯಾವ ಊರು?"

"ನಾದಿನಿಗೆ ಊರು ಯಾಕೆ, ತಲೆ ಇದ್ರೆ ಸಾಕು."

ಬಾಯಲ್ಲಿದ್ದ ಗುಂಡುಸೂಜಿ ತೆಗೆದು ನನ್ನನ್ನೇ ನೋಡಿದಳು. "ನೀನೇ ಹೋಗಿ ಕೇಳಿದ್ರೆ ಎಂಟು ಸ್ಟಾಪ್. ನನ್ನ ಕಳಿಸಿದ್ರೆ ಹೋಗೋಕೆಂಟು ಬರೋಕೆಂಟು."

"ನಿನ್ನ ಬಾಗಿಲಿಗೆ ಬರೋ ಗಿರಾಕೀಲಿ ಅರ್ಧ ನಾನು ಕಳಿಸಿದ್ದು," ಅಂದೆ. ನಾಳೆ ಹೋಗುತ್ತಾಳೆ.

ಜನವರಿ 21, ಮಂಗಳವಾರ

ಕೆಲಸ ಹಣ್ಣಾಯಿತು. ಟೈಲರಕ್ಕ ಒಂದು ಚೀಟಿ ತಂದಳು, ಮಗಳ ಕೈಬರಹ, ಅದೇ ಕಾಲು ಎಳೆದ ಅಕ್ಷರ. ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲವಂತೆ. ಕೆಲವು ಪ್ರಶ್ನೆ ಮಾತ್ರ ಕೇಳಿದಳಂತೆ.

"ಏನು ಕೇಳಿದಳು?"

"ನಾದಿನಿಗೆ ವಯಸ್ಸೆಷ್ಟು ಅಂದಳು. ಐವತ್ತೆರಡು ಅಂದೆ. ದಿನವಿಡೀ ನಿಂತು ಮಾಡೋ ಕೆಲಸಾನಾ ಅಂದಳು. ಹೌದು ಅಂದೆ. ಮಾತು ಜಾಸ್ತಿನಾ ಅಂದಳು."

"ನೀನೇನಂದೆ?"

"ಬಹಳ ಅಂದೆ."

ಮಾತಿಗೂ ಕೂದಲಿಗೂ ಏನು ಸಂಬಂಧವೋ. ಹೊಸ ಓದಿನವರು ಹಲ್ಲು ನೋವಿಗೆ ಕಾಲು ನೋಡುತ್ತಾರೆ. ಚೀಟಿ ಇಲ್ಲಿ ಅಂಟಿಸಿದ್ದೇನೆ, ಕಳೆಯಬಾರದು ಅಂತಷ್ಟೆ:

*ನಾದಿನಿಯವರಿಗೆ: ನೇರ ಮಾಡಿದ ಭಾಗ ಮತ್ತೆ ಸರಿಹೋಗುವುದಿಲ್ಲ, ಕತ್ತರಿಸಿಬಿಡಿ. ಕಷ್ಟವಾಗುತ್ತದೆ, ಗೊತ್ತು. ವಾರಕ್ಕೊಮ್ಮೆ ಮಾತ್ರ ತೊಳೆಯಿರಿ. ಬೆರಳ ತುದಿಯಿಂದ ನೆತ್ತಿ ಐದು ನಿಮಿಷ ತಿಕ್ಕಿ, ಉಗುರು ಬೇಡ. ಕಂಡೀಷನರ್ ಇರುವಾಗಲೇ, ಒದ್ದೆಯಲ್ಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ಟವೆಲಿನಿಂದ ಉಜ್ಜಬೇಡಿ, ಹಳೆಯ ಹತ್ತಿ ಬನಿಯನ್ನಿನಿಂದ ಒತ್ತಿ. ದಿಂಬಿಗೆ ನುಣುಪು ಬಟ್ಟೆ ಹಾಕಿ, ಮುಖ್ಯವಾಗಿ ಬಲಗಡೆ. ಅವರು ಬಲಕ್ಕೆ ತಿರುಗಿ ಮಲಗುತ್ತಾರೆ. ಮೊಟ್ಟೆ, ಕಾಳು, ಸೊಪ್ಪು ತಿನ್ನಲಿ, ಮಧ್ಯಾಹ್ನದ ಊಟ ಬಿಡಬಾರದು. ಮೊದಲು ದಪ್ಪ, ಉದ್ದ ಆಮೇಲೆ.*

ನಾನು ಬಲಕ್ಕೇ ಮಲಗುವುದು. ಬಹುಶಃ ಎಲ್ಲರೂ ಹಾಗೇ.

ಜನವರಿ 27, ಸೋಮವಾರ

ಕತ್ತರಿಸಿದೆ. ನಾನೇ, ಅಂಗಡಿಯ ಷಟರ್ ಎಳೆದುಕೊಂಡು. ನೆಲದ ಮೇಲೆ ಹನ್ನೆರಡು ಇಂಚು ಬಿದ್ದಿತ್ತು. ತಲೆಯ ಮೇಲೆ ಒಂದೂಕಾಲು ಉಳಿಯಿತು. ಗುಡಿಸುವ ಮೊದಲು ಸ್ವಲ್ಪ ಹೊತ್ತು ಗಿರಾಕಿಯ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆ ಸರಿಯಾಗಿ ತಿಂದಿರಲಿಲ್ಲ.

ಯಜಮಾನರು ನೋಡಿ ಗಡಿಯಾರದ ತಿರುಪು ಕೆಳಗೆ ಬೀಳಿಸಿದರು. ಅರ್ಧ ಗಂಟೆ ಇಬ್ಬರೂ ನೆಲದ ಮೇಲೆ ಹುಡುಕಿದೆವು. ಸಿಕ್ಕಿದ ಮೇಲೆ ಹೇಳಿದರು: "ಮಗಳ ಹಾಗೇ ಕಾಣ್ತೀಯ."

ಅವಳು ನನ್ನ ಹಾಗೆ ಕಾಣಬೇಕು, ನಾನು ಅವಳ ಹಾಗೆ ಕಾಣುವುದು ಯಾವ ಲೆಕ್ಕ?

ಫೆಬ್ರವರಿ 3, ಸೋಮವಾರ

ಎರಡನೇ ವಾರದ ಸ್ನಾನ. ಚೀಟಿಯಂತೆ ಎಲ್ಲ ಮಾಡಿದೆ. ಒಂದು ಕಡೆ ತಪ್ಪಿದೆ: ಕೈ ತಾನಾಗಿ ಸಣ್ಣ ಹಲ್ಲಿನ ಬಾಚಣಿಗೆಗೆ ಹೋಯಿತು, ಬುಡದಿಂದ ಕೆಳಕ್ಕೆ ಎಳೆಯಿತು. ಕಣ್ಣಲ್ಲಿ ನೀರು ಬಂತು. ಸಾವಿರಾರು ತಲೆ ಹೀಗೇ ಎಳೆದಿದ್ದೇನೆ, ಎಲ್ಲರೂ ಸುಮ್ಮನೆ ಕೂತಿದ್ದರು. ಎಷ್ಟು ಸಹನೆಯ ಗಿರಾಕಿಗಳು ನನ್ನವರು.

ಉದುರಿದ ಕೂದಲನ್ನು ಬಿಳಿ ಕಾಗದದ ಮೇಲೆ ಹತ್ತು ಹತ್ತರ ಕಟ್ಟು ಮಾಡಿ ಎಣಿಸಿದೆ. ನೂರ ಎಂಬತ್ತೇಳು. ಯಜಮಾನರು ಬಾಗಿಲಲ್ಲಿ ನಿಂತು ಕೇಳಿದರು, "ಹಾಜರಿ ತಗೋತಿದ್ದೀಯಾ?"

ಟೈಲರಕ್ಕನನ್ನು ಮತ್ತೆ ಓಡಿಸಿದೆ. ನಾದಿನಿ ಗಾಬರಿಯಾಗಿದ್ದಾಳೆ ಅಂತ ಹೇಳು ಅಂದೆ.

ಫೆಬ್ರವರಿ 5, ಬುಧವಾರ

ಚೀಟಿ: *ದಿನಕ್ಕೆ ನೂರರವರೆಗೆ ಉದುರುವುದು ಸಹಜ. ವಾರಕ್ಕೊಮ್ಮೆ ಬಾಚಿದರೆ ಉದುರಿದ್ದೆಲ್ಲ ಒಟ್ಟಿಗೇ ಕಾಣುತ್ತದೆ. ಹೆದರಬೇಡಿ. ಅವರು ಕಾಗದದ ಮೇಲೆ ಹರಡಿ ಎಣಿಸುತ್ತಿರುತ್ತಾರೆ, ನಿಲ್ಲಿಸಲು ಹೇಳಿ.*

ಒಳ್ಳೆಯ ಅನುಭವ ಬಂದಿದೆ ಹುಡುಗಿಗೆ. ಎಲ್ಲ ಹೆಂಗಸರೂ ಎಣಿಸುತ್ತಾರೆ ಅಂತ ಕಾಣುತ್ತದೆ. ಗಿರಾಕಿಯನ್ನು ನೋಡದೆಯೇ ಅಳೆಯುವ ಈ ಗುಣ ಎಲ್ಲಿಂದ ಬಂತು ಅಂತ ನಾನು ಹೇಳಬೇಕಾಗಿಲ್ಲ.

ಮಾರ್ಚ್ 10, ಸೋಮವಾರ

ಅನಾಹುತ. ಹಿಂದಿನ ತಿಂಗಳು ಅಳೆದಾಗ ಎರಡು ಇಂಚು. ಇವತ್ತು ಒಂದೂಕಾಲು. ಕೂದಲು ಉದುರುತ್ತದೆ ಅಂತ ಕೇಳಿದ್ದೆ, ಮುರಿಯುತ್ತದೆ ಅಂತ ಕೇಳಿದ್ದೆ, ವಾಪಸ್ ಒಳಕ್ಕೆ ಹೋಗುತ್ತದೆ ಅಂತ ಎಲ್ಲೂ ಕೇಳಿಲ್ಲ. ಮೂರು ಸಲ ಅಳೆದೆ. ಟೇಪು ಟೈಲರಕ್ಕನದು, ಅದನ್ನೂ ಅನುಮಾನಿಸಿದೆ.

"ನನ್ನ ಟೇಪಿಗೆ ಏನಾದ್ರೂ ಅಂದ್ರೆ ನೋಡು," ಅಂದಳು. "ಊರಿನ ಮಕ್ಕಳೆಲ್ಲ ಈ ಟೇಪಿನ ಯೂನಿಫಾರ್ಮ್ ಹಾಕ್ಕೊಂಡೇ ಪಾಸಾಗಿರೋದು."

ಸಂಜೆಯೊಳಗೆ ಚೀಟಿ ಬಂತು. *ಹಿಂದಿನ ಸಲ ಒದ್ದೆಯಿದ್ದಾಗ ಅಳೆದಿರಬೇಕು, ಈ ಸಲ ಒಣಗಿದಾಗ. ಗುಂಗುರು ಕೂದಲು ಒಣಗಿದಾಗ ತನ್ನ ಉದ್ದವನ್ನು ಒಳಗೇ ಮಡಚಿಟ್ಟುಕೊಳ್ಳುತ್ತದೆ. ಒಂದು ಎಳೆ ಮೆಲ್ಲಗೆ ಎಳೆದು ನೋಡಲು ಹೇಳಿ.*

ಎಳೆದೆ. ಎರಡೂಕಾಲು. ಬಿಟ್ಟೆ, ಸುರ್ರನೆ ಮೇಲೆ ಹೋಯಿತು. ಮತ್ತೆ ಎಳೆದೆ, ಮತ್ತೆ ಬಿಟ್ಟೆ. ಬಹಳ ಹೊತ್ತು ಇದನ್ನೇ ಮಾಡುತ್ತಿದ್ದೆ. ಅಳತೆ ನಿಖರವಾಗಿರಲಿ ಅಂತ.

ಟೈಲರಕ್ಕ ಹೊರಡುವಾಗ ಮಗಳು ಇನ್ನೊಂದು ಕೇಳಿದಳಂತೆ: ನಾದಿನಿಗೆ ಮೊಣಕಾಲು ನೋವು ಈಗ ಹೇಗಿದೆ ಅಂತ. ನನ್ನ ಮೊಣಕಾಲಿನ ವಿಷಯ ಇವಳು ಅಲ್ಲಿ ಯಾಕೆ ಎತ್ತಿದಳೋ. ಟೈಲರಕ್ಕನಿಗೆ ಬಾಯಿ ಸಡಿಲ.

ಏಪ್ರಿಲ್ 12, ಶನಿವಾರ

ಬ್ಯಾಂಕಿನ ಮೇಡಂ ಬಂದಿದ್ದರು. ಹನ್ನೊಂದು ವರ್ಷದ ಗಿರಾಕಿ, ಎರಡು ತಿಂಗಳಿಗೊಮ್ಮೆ ತಪ್ಪದೆ ಬಂದು ಕೂರುವವರು, ನನ್ನ ಅಂಗಡಿಯ ಕಂಬ. ಅವರಿಗೆ ಕ್ರೀಮ್ ಕಲಸಲು ತಿರುಗಿದೆ. ತಲೆಯ ಬಟ್ಟೆಯ ತುದಿ ಗೋಡೆಯ ಕೊಕ್ಕೆಗೆ ಸಿಕ್ಕಿತು. ನಾನು ಮುಂದೆ ಬಂದೆ, ಬಟ್ಟೆ ಅಲ್ಲೇ ಉಳಿಯಿತು.

ಅಂಗಡಿಯಲ್ಲಿ ಮೂರು ಕನ್ನಡಿ. ಮೂರರಲ್ಲೂ ನಾನು, ಮೂರರಲ್ಲೂ ಗುಂಗುರು.

ಮೇಡಂ ಕನ್ನಡಿಯಲ್ಲೇ ನೋಡುತ್ತಾ ಕೇಳಿದರು, "ಇದನ್ನ ಎಲ್ಲಿ ಮಾಡಿಸಿದ್ರಿ?"

"ಮಾಡಿಸಿದ್ದಲ್ಲ ಮೇಡಂ. ಬೆಳೆದದ್ದು."

"ನಂದೂ ಹೀಗೇ ಇತ್ತು, ಕಾಲೇಜಿನವರೆಗೆ." ತಮ್ಮ ಕೂದಲಿನ ತುದಿ ಹಿಡಿದು ನೋಡಿದರು, ಹಳೆಯ ಸಾಮಾನಿನ ಬೆಲೆ ನೋಡುವವರ ಹಾಗೆ. "ಬಿಟ್ರೆ ಮತ್ತೆ ಬರುತ್ತಾ?"

ಬರುವುದಿಲ್ಲ ಅಂತ ಒಂದು ಮಾತು ಹೇಳಿದ್ದರೆ ಕ್ರೀಮ್ ಕಲಸಿ ಸಿದ್ಧವಿತ್ತು. ನಾಲಿಗೆ ತುದಿಯಲ್ಲೇ ಇತ್ತು ಆ ಮಾತು. ನಾನು ಹೇಳಿದ್ದು ಇದು: "ಬರುತ್ತೆ. ಅದನ್ನ ನಮ್ಮಲ್ಲಿ ಮಾಡೋದಿಲ್ಲ. ಬಸ್ ಡಿಪೋ ಹತ್ತಿರ ಒಬ್ಬಳಿದ್ದಾಳೆ, ಒಂದೇ ಕುರ್ಚಿ, ಕಾಯಬೇಕಾಗುತ್ತೆ. ಆದ್ರೆ ಕೈ ಹಗುರ."

ಹೋದರು. ಕಲಸಿದ ಕ್ರೀಮ್ ಚೆಲ್ಲಿದೆ. ವ್ಯಾಪಾರ ಅಂದರೆ ವ್ಯಾಪಾರ. ನನ್ನಲ್ಲಿ ಇಲ್ಲದ ಸಾಮಾನು ಇದೆ ಅಂತ ಮಾರುವವಳಲ್ಲ ನಾನು. ಅದಕ್ಕೇ ಹೇಳಿದ್ದು, ಬೇರೇನೂ ಇಲ್ಲ.

ಬಟ್ಟೆ ಒಗೆಯಲು ಹಾಕಿದೆ. ಮತ್ತೆ ಕಟ್ಟಿಕೊಳ್ಳಬೇಕು ಅನ್ನಿಸಿಲ್ಲ. ಸೆಖೆ.

ಮೇ 8, ಗುರುವಾರ

ಅಳತೆ (ಎಳೆದು): ಹಿಂದೆ ಮೂರೂಕಾಲು, ಎಡಗಡೆ ಮೂರು, ನೆತ್ತಿಯ ಬೋಳಿನಲ್ಲಿ ಹೂವಿನ ಎಸಳ ಮೇಲಿನ ನವಿರಿನಂಥದ್ದು ಬಂದಿದೆ, ಮುಟ್ಟಿದರೆ ತಿಳಿಯುತ್ತದೆ. ಡಾಕ್ಟರು ಮೊದಲ ಸಲ ನಕ್ಕರು. ಹಲ್ಲು ಚೆನ್ನಾಗಿವೆ.

ಆದರೆ ಬಲಗಡೆ ಮುಂದಲೆಯ ಒಂದು ಗೊಂಚಲು ಎರಡು ಇಂಚಿಗೆ ಬಂದು ನಿಂತುಬಿಟ್ಟಿದೆ. ತುದಿ ಒರಟು, ಮುರುಕು. ಅದಕ್ಕೆ ಪ್ರತ್ಯೇಕ ಎಣ್ಣೆ, ಪ್ರತ್ಯೇಕ ಉಪಚಾರ ಮಾಡಿದೆ. ಊಹೂಂ. ನಾದಿನಿಯ ಬಲ ಮುಂದಲೆ ಬೆಳೆಯುತ್ತಿಲ್ಲ ಅಂತ ಹೇಳಿ ಕಳಿಸಿದ್ದೇನೆ.

ಮೇ 13, ಮಂಗಳವಾರ

ಚೀಟಿ ಒಂದೇ ಸಾಲು. *ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಬಿಸಿ ಇಕ್ಕಳ ಎಷ್ಟು ಕಾದಿದೆ ಎಂದು ನಾದಿನಿಯವರು ಯಾರ ಕೂದಲಿನ ಮೇಲೆ ನೋಡುತ್ತಾರೆ, ಕೇಳಿ.*

ಓದುವಾಗ ನಾನು ಅಂಗಡಿಯಲ್ಲಿ ನಿಂತಿದ್ದೆ. ಎಡಗೈಯಲ್ಲಿ ಚೀಟಿ. ಬಲಗೈಯಲ್ಲಿ ಇಕ್ಕಳ. ಇಕ್ಕಳದ ಬಾಯಲ್ಲಿ ನನ್ನ ಬಲ ಮುಂದಲೆ.

ಇಪ್ಪತ್ತಾರು ವರ್ಷದ ಅಭ್ಯಾಸ. ಗಿರಾಕಿಯ ಕೂದಲು ಸುಡಬಾರದು ಅಂತ ದಿನದ ಮೊದಲ ಬಿಸಿ ನನ್ನ ತಲೆಗೆ. ಕ್ರೀಮ್ ಬಿಟ್ಟೆ, ಬಾಚಣಿಗೆ ಬದಲಿಸಿದೆ, ದಿಂಬಿಗೆ ರೇಷ್ಮೆಯಂಥ ಬಟ್ಟೆ ಹೊಲಿಸಿದೆ. ಇದನ್ನು ಬಿಟ್ಟಿರಲಿಲ್ಲ; ಮಾಡುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಉಸಿರಾಡುವುದನ್ನು ಯಾರು ಬರೆದಿಡುತ್ತಾರೆ?

ಇದು ನನ್ನ ಅಂಗಡಿಯಲ್ಲಿ ನಾಲ್ಕು ವರ್ಷ ಬೆಳಗ್ಗೆ ಬೆಳಗ್ಗೆ ನನ್ನ ಪಕ್ಕ ನಿಂತವಳಿಗೆ ಮಾತ್ರ ಗೊತ್ತಿರುವ ಸಂಗತಿ.

ನೇರ ಟೈಲರಕ್ಕನ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಮಷೀನಿನ ಚಕ್ರ ಹಿಡಿದು ನಿಲ್ಲಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಯಾವಾಗಿಂದ?" ಅಂದೆ.

"ಮೊದಲನೇ ದಿನದಿಂದ. ನಾನು 'ನನ್ನ ನಾದಿನಿ' ಅಂತ ಶುರು ಮಾಡಿದೆ. ಅವಳು 'ಅಮ್ಮನ ತಲೆಗೆ ಏನಾಯ್ತು ಅಕ್ಕಾ' ಅಂದಳು."

"ಮತ್ತೆ ನೀನು?"

"ನಾದಿನಿ ಅಂತಲೇ ಮುಂದುವರಿಸಿದೆ. ಅವಳೂ ಸರಿ, ನಾದಿನಿ ಅಂತಲೇ ಬರೀತೀನಿ ಅಂದಳು. ನಿಮ್ಮಿಬ್ಬರ ಮಧ್ಯೆ ನನಗೆ ಬಸ್ಸಲ್ಲಿ ಓಡಾಡಿ ಓಡಾಡಿ ಮೊಣಕಾಲು ಹೋಯ್ತು."

ಮೇ 14, ಬುಧವಾರ

ಏನೂ ಬರೆಯುವುದಿಲ್ಲ.

ಮೇ 17, ಶನಿವಾರ

ಇಕ್ಕಳವನ್ನು ಈಗ ಒದ್ದೆ ಕಾಗದದ ಮೇಲೆ ನೋಡುತ್ತೇನೆ. ಕೈ ಎರಡು ಸಲ ತಲೆಯ ಕಡೆ ಹೊರಟಿತು. ಗದರಿ ಇಳಿಸಿದೆ.

ಮೇ 26, ಸೋಮವಾರ

ಹಳೆಯ ಚೀಟಿಗಳನ್ನೆಲ್ಲ ಮೊದಲಿಂದ ಓದಿದೆ. ಬಲಕ್ಕೆ ತಿರುಗಿ ಮಲಗುವುದು. ಕಾಗದದ ಮೇಲೆ ಎಣಿಸುವುದು. ಮಧ್ಯಾಹ್ನದ ಊಟ ಬಿಡುವುದು. ಮಾತು ಜಾಸ್ತಿಯಾ ಅಂತ ಕೇಳಿದ್ದು. ಊರಿಗೆಲ್ಲ ಜಾಣೆ, ಮಗಳ ಮುಂದೆ ಪೆದ್ದಿ.

ಒಂದು ಮಾತು ಮಾತ್ರ ಹಿಂದೆ ಓದಿಯೂ ಓದಿರಲಿಲ್ಲ. ಮೊದಲನೇ ಚೀಟಿಯಲ್ಲಿ, ಕತ್ತರಿಸಿಬಿಡಿ ಎಂಬುದರ ಪಕ್ಕ. *ಕಷ್ಟವಾಗುತ್ತದೆ, ಗೊತ್ತು.*

ಜೂನ್ 5, ಗುರುವಾರ

ಯಜಮಾನರು ಮಗಳ ಮನೆಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದರು.

"ನಿಮಗೂ ಗೊತ್ತಿತ್ತು."

"ಏನು?"

"ನಾದಿನಿ."

ಬೂಟಿನ ದಾರ ಕಟ್ಟುತ್ತಾ ತಲೆ ಎತ್ತದೆ ಹೇಳಿದರು: "ಗುರುವಾರ ಗುರುವಾರ ನಾನೇ ಕೇಳ್ತೀನಿ, ನಾದಿನಿಯವರ ಕೂದಲು ಎಲ್ಲಿಗೆ ಬಂತು ಅಂತ. ಮನೇಲಿ ನಿನ್ನ ಕೇಳಿದ್ರೆ ಬೈತೀಯ."

"ಅವಳು ನಗ್ತಾಳಾ?"

"ಮೊದಮೊದಲು ನಕ್ಕಳು. ಈಗ ನಗಲ್ಲ. ಹೋದ ವಾರ ಏನಂದಳು ಗೊತ್ತಾ? 'ಅಪ್ಪ, ಅಮ್ಮ ಇಷ್ಟು ವರ್ಷದಲ್ಲಿ ನನ್ನ ಏನಾದ್ರೂ ಕೇಳಿದ್ದು ಇದೇ ಮೊದಲು.'"

ನಾನು ಅವಳನ್ನು ಏನೂ ಕೇಳಿಯೇ ಇಲ್ಲವೇ? ಊಟ ಆಯ್ತಾ, ಬಾಗಿಲು ಹಾಕಿದೆಯಾ, ಗಿರಾಕಿ ಯಾರಾದರೂ ಬಂದಿದ್ದರಾ, ದಿನಕ್ಕೆ ನೂರು ಕೇಳುತ್ತಿದ್ದೆ. ಯಜಮಾನರಿಗೆ ಹಾಗೇ ಹೇಳಿದೆ. ಅವರು ಹೂಂ ಅಂದು ಬಸ್ಸಿಗೆ ಹೋದರು. ಕೆಲವರ ಹೂಂ ಕೇಳಿದರೆ ಜಗಳವಾಡಿದ್ದರೇ ವಾಸಿ ಅನ್ನಿಸುತ್ತದೆ.

ಜೂನ್ 24, ಮಂಗಳವಾರ

ನಾನೇ ಒಂದು ಚೀಟಿ ಬರೆದು ಟೈಲರಕ್ಕನ ಕೈಯಲ್ಲಿ ಕಳಿಸಿದೆ. ಮೊದಲು ಒಂದು ಪುಟ ಬರೆದೆ, ಹರಿದೆ. ಕೊನೆಗೆ ಹೋದದ್ದು ಇಷ್ಟು: *ನಾದಿನಿಯ ಬಲ ಮುಂದಲೆ ಅರ್ಧ ಇಂಚಿಗಿಂತ ಹೆಚ್ಚು ಬಂದಿದೆ. ನಾದಿನಿ ಹೇಳಿದ ಹಾಗೆ ಕೇಳುತ್ತಿದ್ದಾಳೆ.*

"ಇಷ್ಟೇನಾ?" ಅಂದಳು ಟೈಲರಕ್ಕ, ಹಿಂದೆ ಮುಂದೆ ತಿರುಗಿಸಿ. "ಇದಕ್ಕೆ ಹದಿನಾರು ಸ್ಟಾಪ್?"

ಉತ್ತರ ಬಂತು: *ನಾದಿನಿಯವರಿಗೆ ಶಹಭಾಸ್ ಎಂದು ಹೇಳಿ. ಅವರಿಗೆ ಅದನ್ನು ಕೇಳಲು ಇಷ್ಟ.*

ಇಷ್ಟವೇ. ಅಲ್ಲ ಅಂದವರು ಯಾರು?

ಜುಲೈ 28, ಸೋಮವಾರ

ಅಳತೆ ನಾಲ್ಕೂವರೆ. ತಲೆ ತುಂಬ ಸುರುಳಿ. ಬೀದಿಯಲ್ಲಿ ಔಷಧದಂಗಡಿಯವರು ಯಾರೋ ಹೊಸಬರು ಅಂದುಕೊಂಡು "ಏನು ಬೇಕಿತ್ತು ಮೇಡಂ" ಅಂದರು. ಹದಿನೆಂಟು ವರ್ಷದ ಪರಿಚಯ. ಅಂಗಡಿಯಲ್ಲಿ ನೇರ ಮಾಡಿಸುವವರು ಇನ್ನೂ ಬರುತ್ತಾರೆ, ಮಾಡಿ ಕಳಿಸುತ್ತೇನೆ, ಆದರೆ ಈಗ ಮೊದಲು ನೆತ್ತಿ ನೋಡುತ್ತೇನೆ. ಇಬ್ಬರನ್ನು ಡಾಕ್ಟರ ಹತ್ತಿರ ಕಳಿಸಿದೆ.

ತುದಿಗಳು ಸೀಳುತ್ತಿವೆ, ಕತ್ತರಿಸಬೇಕು. ಎಷ್ಟು, ಹೇಗೆ, ಒದ್ದೆಯಲ್ಲೋ ಒಣಗಿದಾಗಲೋ ಅಂತ ಕೇಳಿ ಕಳಿಸಿದ್ದಕ್ಕೆ ಬಂದ ಚೀಟಿ: *ಚೀಟಿಯಲ್ಲಿ ಕತ್ತರಿ ಕಳಿಸಲು ಬರುವುದಿಲ್ಲ. ನಾದಿನಿಯವರನ್ನೇ ಕಳಿಸಿ. ಸೋಮವಾರ ತೆರೆದಿರುತ್ತದೆ.*

ನಾನೂ ಕತ್ತರಿ ಹಿಡಿದವಳೇ. ನನ್ನ ತುದಿ ನಾನು ಕತ್ತರಿಸಿಕೊಳ್ಳಲಾರೆನೇ? ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಂತೆ. ಮತ್ತೆ ಡ್ರಾಯರಿಗೆ ಹಾಕಿದೆ.

ಆಗಸ್ಟ್ 4, ಸೋಮವಾರ

ಹೋಗಲಿಲ್ಲ. ಮಳೆ ಬರುವ ಹಾಗಿತ್ತು. ಬರಲಿಲ್ಲ.

ಆಗಸ್ಟ್ 11, ಸೋಮವಾರ

ಹೋದೆ.

ಎಂಟು ಸ್ಟಾಪಿನಲ್ಲಿ ಒಂದು ಭಾಷಣ ಸಿದ್ಧಮಾಡಿದೆ. ಮೂರು ಭಾಗ: ಗಿರಾಕಿಗಳ ಮುಂದೆ ನಾನು ಹಾಗೆ ಅನ್ನಬಾರದಿತ್ತು, ಆದರೆ ಅವಳೂ ಹಾಗೆ ಬಾಚಣಿಗೆ ಇಟ್ಟು ಹೋಗಬಾರದಿತ್ತು, ಒಟ್ಟಿನಲ್ಲಿ ಆದದ್ದು ಆಯಿತು. ಚೆನ್ನಾಗಿ ಕೂತಿತ್ತು. ಆರನೇ ಸ್ಟಾಪಿನಲ್ಲಿ ಎರಡನೇ ಭಾಗ ತೆಗೆದುಹಾಕಿದೆ.

ಅಂಗಡಿ ಪುಟ್ಟದು. ಒಂದು ಕುರ್ಚಿ, ತಲೆ ತೊಳೆಯುವ ಒಂದು ಬೇಸಿನ್, ಗೋಡೆಗೆ ಬೆಂಚು. ಬಾಚಣಿಗೆಗಳು ಹಲ್ಲಿನ ಅಗಲದ ಪ್ರಕಾರ ಸಾಲಾಗಿವೆ, ನೆಲದಲ್ಲಿ ಒಂದು ಕೂದಲಿಲ್ಲ. ತಪ್ಪು ಹುಡುಕಿದೆ, ಸಿಗಲಿಲ್ಲ. ಇಬ್ಬರು ಕಾಯುತ್ತಿದ್ದರು. ಮಗಳು ಕುರ್ಚಿಯಲ್ಲಿದ್ದವರ ತಲೆಯಿಂದ ಕಣ್ಣೆತ್ತಿದಳು. ಅವಳ ಕೂದಲು ಈಗ ಭುಜಕ್ಕೆ ಬಂದಿದೆ, ಕತ್ತು ಕಾಣದಷ್ಟು ದಟ್ಟ.

"ಟೈಲರಕ್ಕನ ನಾದಿನಿಯಲ್ವಾ?" ಅಂದಳು. "ಕೂತ್ಕೊಳ್ಳಿ. ಇವರಿಬ್ಬರ ಆದ್ಮೇಲೆ ನಿಮ್ಮದು."

ಕೂತೆ. ನನ್ನ ಜೀವಮಾನದಲ್ಲಿ ಪಾರ್ಲರಿನ ಬೆಂಚಿನ ಮೇಲೆ ಕೂತು ಕಾದದ್ದು ಇದೇ ಮೊದಲು. ಗಡಿಯಾರ ಬಹಳ ನಿಧಾನ ಓಡುತ್ತದೆ ಅಲ್ಲಿಂದ ನೋಡಿದರೆ. ನಾನು ಕೂತ ಮೇಲೆ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂತರು, ಮಗಳ ಕೈಗುಣ ಹೊಗಳಿದರು. ನಾನು ಸುಮ್ಮನೆ ಕೇಳಿದೆ. ಹೌದಾ ಅಂದೆ.

ನನ್ನ ಸರದಿ ಬಂತು. ಬೇಸಿನ್ನಿಗೆ ಕತ್ತು ಒರಗಿಸಿದಳು. ಮೊದಲು ಒಣ ತಲೆಯಲ್ಲೇ ಬೆರಳಾಡಿಸಿ ನೆತ್ತಿಯ ಜಾಗ ಹುಡುಕಿದಳು.

"ಬಂದಿದೆ," ಅಂದಳು. "ಸುತ್ತ ಎಲ್ಲ ಮುಚ್ಚಿದೆ. ನಡುವೆ ಇಷ್ಟೇ ಇಷ್ಟು ಬಾಕಿ."

"ಬರುತ್ತಾ?"

"ಬರುತ್ತೆ."

ಅದೇ ಬೆರಳ ತುದಿಯಿಂದ ತಿಕ್ಕತೊಡಗಿದಳು, ಉಗುರು ತಾಗಿಸದೆ. ನಾನು ಚಾವಣಿ ನೋಡುತ್ತಾ ಭಾಷಣದ ಮೊದಲ ವಾಕ್ಯ ಹುಡುಕಿದೆ. ಇರಲಿಲ್ಲ. ಯಾವುದೋ ಸ್ಟಾಪಿನಲ್ಲಿ ಇಳಿದುಹೋಗಿತ್ತು. ಬಾಯಿಂದ ಬಂದದ್ದು ಬೇರೆಯೇ.

"ನೀನು ಚಿಕ್ಕೋಳಿದ್ದಾಗ ಆ ಕ್ರೀಮ್ ಹಚ್ತಿದ್ನಲ್ಲ. ಉರೀತಿತ್ತಾ?"

ಬೆರಳು ನಿಲ್ಲಲಿಲ್ಲ. "ಉರೀತಿತ್ತು."

"ಹೇಳಲೇ ಇಲ್ಲವಲ್ಲ ನೀನು."

"ಹೇಳ್ತಿದ್ದೆ ಅಮ್ಮ. ನೀನು ಗಿರಾಕಿಗಳ ಜತೆ ಮಾತಾಡ್ತಿದ್ದೆ."

ಕೋಪದಿಂದ ಹೇಳಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದರೆ ಹೇಳುವ ಹಾಗೆ ಹೇಳಿದಳು. ನನಗೆ ಮಾತು ಎಂದೂ ಕೈಕೊಟ್ಟದ್ದಿಲ್ಲ. ಮಾತಿನಿಂದಲೇ ಅಂಗಡಿ ಕಟ್ಟಿದವಳು. ಅಲ್ಲಿ ಕತ್ತು ಒರಗಿಸಿಕೊಂಡು ಮಲಗಿ, ಒಂದೇ ಒಂದು ಸಿಕ್ಕಿತು.

"ತಪ್ಪಾಯ್ತು," ಅಂದೆ.

"ಹೂಂ," ಅಂದಳು. ಅವಳಪ್ಪನ ಹೂಂ ಅಲ್ಲ, ಬೇರೆ.

ನಲ್ಲಿ ತಿರುಗಿಸಿದಳು. ನೀರು ನೆತ್ತಿಗೆ ಬಿತ್ತು, ಸ್ವಲ್ಪ ಹೆಚ್ಚೇ ಬಿಸಿ. ಇವತ್ತೊಂದು ದಿನ ದೂರು ಹೇಳಬಾರದು ಅಂತ ಹಲ್ಲು ಕಚ್ಚಿದೆ. ಆ ಹೊತ್ತಿಗೇ ಬೆಂಚಿನಲ್ಲಿದ್ದವರು ಅವಳನ್ನು ಏನೋ ಕೇಳುತ್ತಿದ್ದರು, ಹೊರಗೆ ಬಸ್ಸೊಂದು ಗುರುಗುಡುತ್ತಾ ಡಿಪೋ ಕಡೆ ತಿರುಗುತ್ತಿತ್ತು. ನಾನು ಮೆಲ್ಲಗೆ, ನನಗೇ ಕೇಳಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ, "ಬಿಸಿ," ಅಂದೆ.

ಅವಳು ಅವರಿಗೆ "ಒಂದ್ನಿಮಿಷ" ಅಂದು ನಲ್ಲಿ ತಿರುಗಿಸಿದಳು.

"ಈಗ?"

"ಈಗ ಸರಿ."